ಮ್ಯಾಡಿಯ ಕೂದಲು, ಅವಳ ತಾಯಿಯ ಕೂದಲು

ಶಬಾನಾ ಚನ್ನಪಟ್ಟಣದ ಹುಡುಗಿ. ಅಮೆರಿಕದ ಆಸ್ಟಿನ್ನಿನಲ್ಲಿ ಮಾಸ್ಟರ್ಸ್ ಓದುತ್ತಿದ್ದಾಳೆ. ಓದು ಮುಗಿಸಿ ನಾನು ಮಾಡಿ ಬಿಟ್ಟ ಕೆಲಸಕ್ಕೇ ಸೇರುವವಳು. ನಿವೃತ್ತಿಯಾದ ಮೇಲೆ ನಾವೂ ಆಸ್ಟಿನ್ನಿಗೆ ಬಂದಿರುವುದರಿಂದ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ಜೋಳದ ರೊಟ್ಟಿ ಗಟ್ಟಿ ಎಂದು ದೂರುತ್ತಲೇ ಇನ್ನೊಂದು ಹಾಕಿಸಿಕೊಳ್ಳುತ್ತಾಳೆ. ಕಳೆದ ತಿಂಗಳು ಪಾತ್ರೆ ತೊಳೆಯುತ್ತ ನಿಂತವಳು ಇದ್ದಕ್ಕಿದ್ದಂತೆ ಕೇಳಿದಳು.

“ಆಂಟಿ, ನೀವು ಇಷ್ಟು ವರ್ಷ ಮಕ್ಕಳನ್ನ ಟೆಸ್ಟ್ ಮಾಡಿದೀರಲ್ಲ. ಕೂದಲ ಬಣ್ಣಕ್ಕೂ ಮಾರ್ಕ್ಸ್‌ಗೂ ಏನಾದ್ರೂ ಸಂಬಂಧ ಇದ್ಯಾ?”

ಅವಳ ಕ್ಲಾಸಿನಲ್ಲಿ ಪ್ರಬಂಧಕ್ಕೆ ಕೊಟ್ಟ ವಿಷಯ ಅದು. ಹೊಂಗೂದಲಿನವರು ಪೆದ್ದರು, ಕೆಂಪು ಕೂದಲಿನವರು ಸಿಡುಕರು, ಕಪ್ಪು ಕೂದಲಿನವರು ಜಾಣರು ಎಂದು ಇಲ್ಲಿನ ಜನ ತಮಾಷೆಗೆ ಆಡುವ ಮಾತಿನಲ್ಲಿ ಹುರುಳಿದೆಯೇ ಎಂದು ನೋಡಬೇಕಿತ್ತಂತೆ. ಓದಿದ್ದರಲ್ಲೆಲ್ಲ ಸಂಬಂಧವಿಲ್ಲ ಎಂದೇ ಸಿಕ್ಕಿದೆ ಎಂದಳು. ನಾನೂ ಇಲ್ಲವೆಂದೇ ಹೇಳಿದೆ. ಹಾಗಾದರೆ ಪ್ರಬಂಧ ಬೇಗ ಮುಗಿಯಿತು ಎಂದು ಅವಳಿಗೆ ಖುಷಿಯಾಯಿತು. ಅದು ಅಷ್ಟಕ್ಕೇ ಮುಗಿಯುವುದಿಲ್ಲ, ಕೈ ಒರೆಸಿಕೊಂಡು ಬಂದು ಕೂತುಕೋ ಎಂದೆ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಬಡ್ತಿ, ಸಂಬಳ, ರಜೆಯ ವಿಷಯ ಹೇಳುವವರು ಬೇರೆ ಸಿಗುತ್ತಾರೆ.

ನಮ್ಮ ಕೆಲಸಕ್ಕೆ ಡಯಾಗ್ನಾಸ್ಟಿಶಿಯನ್ ಎನ್ನುತ್ತಾರೆ. ಈ ಹೆಸರು ಕೇಳಿದ ನನ್ನ ತಮ್ಮ ಗದಗಿನಲ್ಲಿ ಅಕ್ಕ ಅಮೆರಿಕದಲ್ಲಿ ದೊಡ್ಡ ಡಾಕ್ಟರು ಎಂದು ಹೇಳಿಕೊಂಡು ತಿರುಗಿದ. ನಾವು ಡಾಕ್ಟರಲ್ಲ. ಶಾಲೆಯಲ್ಲಿ ಒಂದು ಮಗು ಹಿಂದೆ ಬಿದ್ದರೆ ಯಾಕೆ ಬಿತ್ತು ಎಂದು ಪತ್ತೆ ಮಾಡುವವರು. ಮಗುವನ್ನು ಒಂದು ಸಣ್ಣ ರೂಮಿನಲ್ಲಿ ಕೂರಿಸಿಕೊಂಡು ಓದಿಸುತ್ತೇವೆ, ಲೆಕ್ಕ ಮಾಡಿಸುತ್ತೇವೆ, ಬಣ್ಣದ ತುಂಡುಗಳಿಂದ ನಮೂನೆ ಜೋಡಿಸಲು ಕೊಡುತ್ತೇವೆ. ರೂಮು ಎಂದರೆ ಬಹಳ ಕಡೆ ಚೆಂಡು, ಬ್ಯಾಟು ತುಂಬಿದ ಉಗ್ರಾಣದ ಮೂಲೆ. ಆಮೇಲೆ ತಂದೆತಾಯಿ, ಟೀಚರು, ಮೇಲಧಿಕಾರಿ ಎಲ್ಲರೂ ಸೇರುವ ಮೀಟಿಂಗಿನಲ್ಲಿ ಕಂಡದ್ದನ್ನು ಹೇಳುತ್ತೇವೆ. ಟೆಕ್ಸಸ್ಸಿನಲ್ಲಿ ಅದಕ್ಕೆ ಆರ್ಡ್ ಮೀಟಿಂಗ್ ಎನ್ನುತ್ತಾರೆ. ಇದರಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ಮಗು ತಾನಾಗಿ ನಮ್ಮ ಬಳಿ ಬರುವುದು ಇಲ್ಲವೇ ಇಲ್ಲ. ತಂದೆತಾಯಿ ಕೇಳಿದರೆ ಬರಬಹುದು, ಆದರೆ ಕೇಳಬಹುದು ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಉಳಿದಂತೆ ಟೀಚರಿಗೆ ಅನುಮಾನ ಬಂದು, ಟೀಚರು ಕಳಿಸಿದರೆ ಮಾತ್ರ ಬರುತ್ತದೆ.

ಕೂದಲು ನೋಡಿ ಬುದ್ಧಿ ಅಳೆಯುವುದು ಅಮೆರಿಕದವರ ಚಾಳಿ ಎಂದುಕೊಳ್ಳಬೇಡಿ. ಗದಗಿನ ನಮ್ಮ ಶಾಲೆಯಲ್ಲಿ ಒಬ್ಬ ಕೆಂಚು ಕೂದಲಿನ ಹುಡುಗಿ ಇದ್ದಳು. ಅವಳ ಹೆಸರು ಬೇರೆ ಏನೋ ಇತ್ತು, ಎಲ್ಲರೂ ಕೆಂಚಿ ಎಂದೇ ಕರೆಯುತ್ತಿದ್ದೆವು. ಎಣ್ಣೆ ಕಾಣದ ತಲೆಯೊಳಗೆ ಅಕ್ಷರ ಎಲ್ಲಿ ನಿಲ್ಲಬೇಕು ಎಂದು ಮಾಸ್ತರರು ಅವಳನ್ನು ಕೊನೆಯ ಸಾಲಿಗೆ ದಬ್ಬಿದ್ದರು. ನಾವೆಲ್ಲ ನಗುತ್ತಿದ್ದೆವು. ಹೊಟ್ಟೆಗೆ ಸರಿಯಾಗಿ ಸಿಗದ ಮಕ್ಕಳ ಕೂದಲು ಕೆಂಚಾಗುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಈ ದೇಶದಲ್ಲಿ. ಅವಳ ತಲೆ ಹೇಳುತ್ತಿದ್ದುದು ಹಸಿವಿನ ಮಾತು, ಮಾಸ್ತರರಿಗೆ ಕೇಳಿಸಿದ್ದು ದಡ್ಡತನ.

ನನಗೆ ಮೊದಲ ಕೆಲಸ ಸಿಕ್ಕಿದ್ದು ಹ್ಯೂಸ್ಟನ್ನಿನ ಉತ್ತರಕ್ಕೆ. ನಮ್ಮ ಯಜಮಾನರಿಗೆ ಆಗ ದ ವುಡ್‌ಲ್ಯಾಂಡ್ಸ್‌ನಲ್ಲಿ ನೌಕರಿ. ಹಿರೇಮಠ ಎಂಬ ಹೆಸರು ಯಾರ ಬಾಯಲ್ಲೂ ಹೊರಳದೆ ನಾನು ಮೊದಲ ವಾರದಲ್ಲೇ ಮಿಸೆಸ್ ಎಚ್ ಆದೆ. ಅಲ್ಲಿ ನನ್ನ ಕೈಗೆ ಬಂದವರಲ್ಲಿ ಟ್ರೆವರ್ ಎಂಬ ಕೆಂಪು ಕೂದಲಿನ ಹುಡುಗ ಮರೆಯುವುದಿಲ್ಲ. ಅವನನ್ನು ಕಳಿಸುವಾಗಲೇ ಪ್ರಿನ್ಸಿಪಾಲರು, ಬಣ್ಣ ನೋಡಿದರೇ ಗೊತ್ತಾಗುತ್ತದಲ್ಲ, ಸಿಟ್ಟು ಹುಟ್ಟಿನಿಂದ ಬಂದದ್ದು ಎಂದಿದ್ದರು. ಟೆಸ್ಟ್ ಮಾಡಿದೆ. ಹುಡುಗನಿಗೆ ಲೆಕ್ಕ ನೀರು ಕುಡಿದಷ್ಟು ಸಲೀಸು. ಸಹಪಾಠಿಗಳು ದಿನವೂ ಕೂದಲು ಹಿಡಿದು ಎಳೆಯುತ್ತಿದ್ದರು, ಅವನು ತಿರುಗಿ ಹೊಡೆಯುತ್ತಿದ್ದ, ಕೊನೆಗೆ ಹೊಡೆದವನಷ್ಟೇ ಎಲ್ಲರ ಕಣ್ಣಿಗೆ ಬೀಳುತ್ತಿದ್ದ. ದೋಷವೇನೂ ಇಲ್ಲ, ಕಷ್ಟದ ಲೆಕ್ಕ ಕೊಡಿ, ಅವನ ಹಿಂದೆ ಕೂರುವವರನ್ನು ಬದಲಿಸಿ ಎಂದು ಬರೆದೆ. ಪ್ರಿನ್ಸಿಪಾಲರಿಗೆ ಬೇಕಾಗಿದ್ದುದು ಅವನನ್ನು ಸಾಗಹಾಕಲು ಒಂದು ಹಣೆಪಟ್ಟಿ. ಅದು ಸಿಗದಿದ್ದಾಗ ಶಿಸ್ತಿನ ನೆಪದಲ್ಲಿ, ಪುಂಡ ಮಕ್ಕಳನ್ನು ಇಡುವ ಬೇರೆ ಶಾಲೆಗೆ ಕಳಿಸಿಯೇ ಬಿಟ್ಟರು. ಹೋಗುವ ದಿನ ಅವನು ನನ್ನ ರೂಮಿಗೆ ಬಂದು, ಮೇಜಿನ ಮೇಲೆ ಹರಡಿದ್ದ ತುಂಡುಗಳನ್ನೆಲ್ಲ ಡಬ್ಬದಲ್ಲಿ ಜೋಡಿಸಿಟ್ಟು ಹೋದ. ಆಮೇಲೆ ಅವನು ಏನಾದನೋ ನನಗೆ ತಿಳಿಯಲಿಲ್ಲ.

ಯಜಮಾನರ ನೌಕರಿ ಡಾಲಸ್ ಪಕ್ಕದ ಪ್ಲೇನೋಗೆ ಶಿಫ್ಟ್ ಆದಾಗ ನಾನೂ ಅಲ್ಲಿನ ಶಾಲೆಗಳಿಗೆ ಬಂದೆ. ಅಲ್ಲಿ ನಮ್ಮವರ ಮಕ್ಕಳು ಬಹಳ. ಕಪ್ಪು ಕೂದಲಿನ ಮಗು ಎಂದರೆ ಟೀಚರುಗಳಿಗೆ ಕಣ್ಣು ಮುಚ್ಚಿ ನಂಬಿಕೆ. ಇದು ಒಳ್ಳೆಯದೇ ಅಲ್ಲವೇ ಎಂದು ಶಬಾನಾ ಕೇಳಿದಳು. ಅವಳಿಗೆ ಬೆಳಗಾವಿಯವರ ಮಗನ ಕಥೆ ಹೇಳಿದೆ.

ಯುಗಾದಿಗೆ ಹತ್ತಿರದ ಪ್ರಾಸ್ಪರ್‌ನಲ್ಲಿ ಹೊಸ ಮನೆ ಕಟ್ಟಿದ ಆ ಬೆಳಗಾವಿಯವರು ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಅವರ ಮಗ, ಮೂರನೇ ಕ್ಲಾಸಿನವನು, ಅತಿಥಿಗಳ ಮುಂದೆ ನಿಂತು ಇಂಗ್ಲಿಷ್ ಕಥೆಪುಸ್ತಕ ಓದಿದ. ಎಷ್ಟು ಚೆನ್ನಾಗಿ ಓದಿದ ಎಂದರೆ ಎಲ್ಲರೂ ಚಪ್ಪಾಳೆ ತಟ್ಟಲು ಕೈ ಎತ್ತಿ ಕೂತಿದ್ದರು. ನಾನು ಹತ್ತಿರವೇ ಇದ್ದೆ. ನಡುವೆ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಮಗುಚಿದವು. ಹುಡುಗ ಮಾತ್ರ ತಡವರಿಸದೆ, ಮುಚ್ಚಿಹೋದ ಪುಟದ ಕಥೆಯನ್ನೇ ಓದುತ್ತ ಹೋದ. ತಾಯಿ ಓದಿ ಹೇಳಿದ್ದನ್ನೆಲ್ಲ ಅವನು ಬಾಯಿಪಾಠ ಮಾಡಿದ್ದ. ಅವನಿಗೆ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ತಾಯಿಗೆ ಮೆಲ್ಲಗೆ ಹೇಳಿದೆ. ಅವಳ ಮುಖ ಸುಣ್ಣವಾಯಿತು.

“ನಮ್ಮ ಮನ್ಯಾಗ ಎಲ್ಲಾರೂ ಇಂಜಿನಿಯರ್ ಅದೀವ್ರಿ ಮೇಡಂ. ಇಂವಗ ಓದಾಕ ಬರೂದಿಲ್ಲ ಅಂದ್ರ ಹೆಂಗ್ರಿ?”

ಶಾಲೆಯಲ್ಲಿ ಟೀಚರು ಅವನಿಂದ ಓದಿಸುತ್ತಿರಲೇ ಇಲ್ಲ. ಇಂಡಿಯನ್ ಹುಡುಗ, ಜಾಣ, ಸ್ವಲ್ಪ ನಾಚಿಕೆ ಎಂದು ಬಿಟ್ಟಿದ್ದರು. ಆ ತಾಯಿ ವರ್ಷಗಟ್ಟಲೆ ನನ್ನ ಜೊತೆ ಮಾತು ಬಿಟ್ಟಳು. ಅವಳು ಕೊನೆಗೆ ಟೆಸ್ಟ್ ಮಾಡಿಸುವ ಹೊತ್ತಿಗೆ ಹುಡುಗ ಮಾತೇ ಕಡಿಮೆ ಮಾಡಿದ್ದ. ಹೊಗಳಿಕೆಯ ಬಣ್ಣವೂ ಮಗುವನ್ನು ಮುಚ್ಚಿಹಾಕುತ್ತದೆ ಎಂದು ನನಗೆ ಅವನಿಂದ ಅರ್ಥವಾಯಿತು.

ಮ್ಯಾಡಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ.

ಮ್ಯಾಡಿ ಪ್ಲೇನೋದ ಒಂದು ಮಿಡ್ಲ್ ಸ್ಕೂಲಿನ ಹುಡುಗಿ. ತಂದೆ ಬಿಟ್ಟು ಹೋಗಿದ್ದ. ತಾಯಿಯ ಹೆಸರು ಶೆಲ್ಲಿ. ಸೋಫಾ, ಮಂಚ ಮಾರುವ ದೊಡ್ಡ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ತಾಯಿಗೂ ಮಗಳಿಗೂ ಒಂದೇ ಕೂದಲು, ಮಾಗಿದ ಗೋಧಿಯ ಬಣ್ಣ. ಮ್ಯಾಡಿ ಪಾಠದ ನಡುವೆ ಕ್ಷಣಕಾಲ ಎಲ್ಲೋ ಹೋಗಿಬಿಡುತ್ತಿದ್ದಳು. ಹೆಸರು ಕರೆದರೆ ಕೇಳಿಸುತ್ತಿರಲಿಲ್ಲ. ಆಮೇಲೆ ತಾನೇ ಎಚ್ಚರವಾಗಿ ಏನು ಕೇಳಿದಿರಿ ಎನ್ನುತ್ತಿದ್ದಳು. ಇಲ್ಲಿ ಹೊಂಗೂದಲಿನವರು ಹೀಗೆ ಮೈಮರೆತರೆ ಬ್ಲಾಂಡ್ ಮೊಮೆಂಟ್ ಎಂದು ನಗುವುದು ವಾಡಿಕೆ. ಗಣಿತದ ಮೇಷ್ಟ್ರು ಅವಳ ಮೂಗಿನ ಮುಂದೆ ಚಿಟಿಕೆ ಹೊಡೆದು ಹಾಗೆ ಅನ್ನುತ್ತಿದ್ದರು. ಕ್ಲಾಸೆಲ್ಲ ನಗುತ್ತಿತ್ತು, ಅವಳೂ ನಗುತ್ತಿದ್ದಳು. ಆರನೇ ಕ್ಲಾಸಿನಲ್ಲೂ ಏಳನೇ ಕ್ಲಾಸಿನಲ್ಲೂ ಅಂಕಗಳು ಇಳಿಯುತ್ತ ಹೋದವು. ಯಾರಿಗೂ ಅನುಮಾನ ಬರಲಿಲ್ಲ, ಯಾರೂ ನನ್ನ ಬಳಿ ಕಳಿಸಲಿಲ್ಲ. ಒಳ್ಳೆಯ ಹುಡುಗಿ, ನಗುಮುಖ, ತಲೆ ಅಷ್ಟಕ್ಕಷ್ಟೆ ಎಂದುಕೊಂಡಿದ್ದರು. ಇದನ್ನೆಲ್ಲ ಆ ಟೀಚರುಗಳೇ ಆಮೇಲೆ ನನಗೆ ಹೇಳಿದರು, ಯಾವ ಅಳುಕೂ ಇಲ್ಲದೆ.

ಎಂಟನೇ ಕ್ಲಾಸು ಶುರುವಾಗುವ ಮುಂಚೆ ಮ್ಯಾಡಿ ಔಷಧಿ ಅಂಗಡಿಯಿಂದ ಬಣ್ಣದ ಡಬ್ಬಿ ತಂದು, ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಇಡೀ ತಲೆಗೆ ಕಪ್ಪು ಹಚ್ಚಿಕೊಂಡಳು. ಶೆಲ್ಲಿ ನೋಡಿ ಅತ್ತಳಂತೆ.

ಶಾಲೆಯಲ್ಲಿ ನಗುವುದು ನಿಂತಿತು. ಆದರೆ ಮೇಷ್ಟ್ರು ಹೆಸರು ಕರೆದಾಗ ಅವಳು ಮೊದಲಿನಂತೆಯೇ ಸುಮ್ಮನಿರುತ್ತಿದ್ದಳು. ಅದು ಈಗ ಸೊಕ್ಕಾಗಿ ಕಂಡಿತು. ಬೇಕೆಂದೇ ಉತ್ತರ ಕೊಡುವುದಿಲ್ಲ, ಕಣ್ಣು ತಿರುಗಿಸುತ್ತಾಳೆ ಎಂದು ದೂರುಗಳು ಬಂದವು. ಹೊಂಗೂದಲಿದ್ದಾಗ ಅದೇ ಕಣ್ಣು ನೋಡಿಯೇ ಅವರು ನಕ್ಕಿದ್ದರು. ಅಂಕಗಳು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಕೂದಲಿನ ಜೊತೆಗೆ ಬದಲಾಗಿದ್ದು ಬೈಗುಳ ಒಂದೇ. ಕಪ್ಪು ಬಣ್ಣ ಹಚ್ಚಿದ್ದಾಳೆ, ಮಾತಾಡುವುದಿಲ್ಲ, ಮನಸ್ಸಿಗೆ ಏನೋ ಆಗಿದೆ ಎಂದು ಕೌನ್ಸೆಲರ್ ಅವಳನ್ನು ನನ್ನ ಬಳಿ ಕಳಿಸಿದಳು.

ಆ ಹೊತ್ತಿಗೆ ನಮ್ಮ ಕೆಲಸದ ರೀತಿ ಬದಲಾಗಿತ್ತು. ಮೊದಲು ತುಂಡುಗಳ ಡಬ್ಬ, ಕಾಗದ, ಕೈಯಲ್ಲಿ ಸ್ಟಾಪ್‌ವಾಚು. ಈಗ ಮಗುವಿನ ಮುಂದೆ ಒಂದು ಟ್ಯಾಬ್ಲೆಟ್, ನಮ್ಮ ಮುಂದೆ ಒಂದು ಟ್ಯಾಬ್ಲೆಟ್. ಮಗು ಬೆರಳಿಟ್ಟರೆ ಅಂಕ ತಾನಾಗಿ ಬರುತ್ತದೆ. ಹೊಸಬರು ಪರದೆಯನ್ನೇ ನೋಡುತ್ತ ಕೂರುತ್ತಾರೆ. ಮಗು ನಿಧಾನ ಎಂದು ಪರದೆ ಹೇಳುತ್ತದೆ, ಯಾಕೆ ನಿಧಾನ ಎಂದು ಹೇಳುವುದಿಲ್ಲ. ನಾನು ಹಳೆಯ ಡಬ್ಬವನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೆ. ಅದಕ್ಕೆ ಕಿರಿಯರು ನನ್ನನ್ನು ಬೇಕಾದಷ್ಟು ಕಾಡಿಸುತ್ತಿದ್ದರು.

ಮ್ಯಾಡಿಗೆ ಟ್ಯಾಬ್ಲೆಟ್ ಮುಗಿದ ಮೇಲೆ ತುಂಡುಗಳನ್ನೂ ಕೊಟ್ಟೆ. ಚುರುಕಾಗಿ ಜೋಡಿಸುತ್ತಿದ್ದಳು. ಒಂದು ತುಂಡು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಕಣ್ಣು ತೆರೆದೇ ಇತ್ತು, ರೆಪ್ಪೆ ಮಾತ್ರ ಅದುರುತ್ತಿತ್ತು. ನಾನು ಹೆಸರು ಕರೆದೆ, ಮೇಜು ತಟ್ಟಿದೆ. ಒಂದು ದೀರ್ಘ ಉಸಿರು ಎಳೆದು ಬಿಡುವಷ್ಟು ಹೊತ್ತು ಅವಳು ಅಲ್ಲಿರಲಿಲ್ಲ. ಆಮೇಲೆ ಏನೂ ಆಗದವಳಂತೆ ಆ ತುಂಡನ್ನು ಅದರ ಜಾಗದಲ್ಲೇ ಇಟ್ಟಳು. ಸರಿಯಾಗಿಯೇ ಇಟ್ಟಳು. ಫಿಟ್ಸ್ ಎಂದರೆ ನೆಲಕ್ಕೆ ಬಿದ್ದು ಒದ್ದಾಡುವುದು ಒಂದೇ ಅಲ್ಲ, ಹೀಗೆ ಸದ್ದಿಲ್ಲದೆ ಬಂದು ಹೋಗುವ ಬಗೆಯೂ ಇದೆ ಎಂದು ತರಬೇತಿಯಲ್ಲಿ ತೋರಿಸಿದ್ದರು. ಆ ಬೆಳಗ್ಗೆ ಮತ್ತೆ ಮತ್ತೆ ಹಾಗಾಯಿತು.

ಮಾತಿಗೆ ಮಾತು ಬಂದು, ಕೂದಲಿಗೆ ಯಾಕೆ ಬಣ್ಣ ಹಚ್ಚಿಕೊಂಡೆ ಎಂದು ಕೇಳಿದೆ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು.

“ಕ್ಲಾಸಲ್ಲಿ ಇಂಡಿಯನ್ ಹುಡುಗಿಯರು ಉತ್ತರ ಹೇಳೋದು ತಡ ಆದರೆ ಮೇಷ್ಟ್ರು ಕಾಯ್ತಾರೆ. ಯೋಚನೆ ಮಾಡ್ತಿದಾರೆ ಅಂದ್ಕೋತಾರೆ. ನನಗೆ ಕಾಯಲ್ಲ. ಕಪ್ಪು ಮಾಡ್ಕೊಂಡರೆ ನನಗೂ ಕಾಯ್ತಾರೆ ಅಂದ್ಕೊಂಡೆ.”

ನನ್ನ ತಲೆಯ ಕೂದಲಿಗೂ ಆಗ ಕಪ್ಪು ಬಣ್ಣವೇ ಇತ್ತು, ಡಬ್ಬಿಯದು. ನರೆತ ತಲೆ ಕಂಡರೆ ನನ್ನನ್ನೂ ಬೇಗ ಮನೆಗೆ ಕಳಿಸುತ್ತಾರೆ ಎಂಬ ಭಯಕ್ಕೆ ಹಚ್ಚಿಕೊಳ್ಳುತ್ತಿದ್ದೆ. ಹುಡುಗಿಗೆ ಏನು ಬುದ್ಧಿ ಹೇಳಲಿ?

ಮೂರ್ಛೆರೋಗದ ಲಕ್ಷಣ ಕಾಣುತ್ತಿದೆ, ತಡಮಾಡದೆ ನರರೋಗದ ಡಾಕ್ಟರಿಗೆ ತೋರಿಸಿ ಎಂದು ವರದಿಯಲ್ಲಿ ಬರೆದೆ. ನಮ್ಮ ಮೇಲಧಿಕಾರಿ ಡಾಲ್ಟನ್ ಎಂಬುವರು. ಬಣ್ಣ ನೋಡೋಣವೆಂದರೆ ಅವರ ತಲೆಯಲ್ಲಿ ಕೂದಲೇ ಇರಲಿಲ್ಲ. ಕೆಟ್ಟ ಮನುಷ್ಯರಲ್ಲ, ನಿಯಮಕ್ಕೆ ಹೆದರುವವರು. ಹಿಂದೆ ಯಾರೋ ಹೀಗೆ ರೋಗದ ಹೆಸರು ಬರೆದು, ಪೋಷಕರು ಕೋರ್ಟಿಗೆ ಹೋಗಿ, ಇವರು ಮೇಲಿನವರ ಕೈಯಲ್ಲಿ ಬೈಸಿಕೊಂಡಿದ್ದರು. ನಾವು ಡಾಕ್ಟರಲ್ಲ, ಈ ವಾಕ್ಯ ಇರಕೂಡದು ಎಂದರು. ಎಷ್ಟು ಬಾಯಿ ಬಡಿದುಕೊಂಡರೂ ಕೇಳಲಿಲ್ಲ. ಗಮನ ಆಗಾಗ ಚದುರುತ್ತದೆ, ಪೋಷಕರು ಬಯಸಿದರೆ ತಮ್ಮ ಡಾಕ್ಟರನ್ನು ಕೇಳಬಹುದು ಎಂದು ತಾವೇ ತಿದ್ದಿದರು. ಬಾಯಲ್ಲಿ ಹೇಳಿದರೂ ಅದು ಬರೆದ ಹಾಗೆಯೇ, ನೆನಪಿಡಿ ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಮನೆಯಲ್ಲಿ ಯಜಮಾನರ ಮುಂದೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದೆ. ಅವರು ಹುಬ್ಬಳ್ಳಿಯವರು, ಮಾತು ಕಡಿಮೆ.

“ನೌಕರಿ ಹೋದ್ರ ಮತ್ತೊಂದು ಸಿಗ್ತದ. ಹುಡುಗಿ ತಾಯಿಗೆ ಬಾಯ್ಲೆ ಹೇಳಿ ಬಾ,” ಎಂದರು.

ಆರ್ಡ್ ಮೀಟಿಂಗಿಗೆ ಶೆಲ್ಲಿ ಮ್ಯಾಡಿಯನ್ನು ಕರೆದುಕೊಂಡೇ ಬಂದಳು. ಡಾಲ್ಟನ್, ಕೌನ್ಸೆಲರ್, ಗಣಿತದ ಮೇಷ್ಟ್ರು, ನಾನು. ಶೆಲ್ಲಿ ಎಲ್ಲರಿಗೂ ಅಂಗಡಿಯವಳ ನಗೆ ನಕ್ಕಳು, ತನಗೂ ಓದು ಹತ್ತಲಿಲ್ಲ, ಹೈಸ್ಕೂಲು ಮುಗಿಸಲಿಲ್ಲ ಎಂದಳು. ನಾನು ಆ ತಿದ್ದಿದ ವರದಿಯನ್ನು ಓದಿದೆ. ಕೊನೆಗೆ ಸಹಿ ಮಾಡಲು ಅವಳು ಪೆನ್ನು ಹಿಡಿದಳು. ಹೆಸರಿನ ಅರ್ಧ ಬರೆದಳು. ಪೆನ್ನು ನಿಂತಿತು. ಕಣ್ಣು ತೆರೆದೇ ಇತ್ತು, ರೆಪ್ಪೆ ಅದುರುತ್ತಿತ್ತು.

ಮಗಳದ್ದೇ ಕಣ್ಣು.

“ಬ್ಲಾಂಡ್ ಮೊಮೆಂಟ್,” ಎಂದರು ಗಣಿತದ ಮೇಷ್ಟ್ರು. ಕೌನ್ಸೆಲರ್ ನಕ್ಕಳು, ಡಾಲ್ಟನ್ ಕೂಡ ನಕ್ಕರು. ಶೆಲ್ಲಿ ಎಚ್ಚರಕ್ಕೆ ವಾಪಸು ಬಂದು, ಎಲ್ಲರೂ ನಗುತ್ತಿರುವುದನ್ನು ನೋಡಿ ತಾನೂ ನಕ್ಕಳು. “ನನ್ನದು ಹುಟ್ಟಿನಿಂದ ಹೀಗೇ. ನಮ್ಮಮ್ಮನೂ ಹೀಗೇ ಇದ್ದಳು. ನಮ್ಮ ಮನೆಯ ಕೂದಲೇ ಅಂಥದು,” ಎಂದಳು. ಆ ಕೋಣೆಯಲ್ಲಿ ನಗದೆ ಇದ್ದವರು ಇಬ್ಬರೇ, ಮ್ಯಾಡಿ ಮತ್ತು ನಾನು. ಆ ಹುಡುಗಿ ತಾಯಿಯ ಪೆನ್ನನ್ನೇ ನೋಡುತ್ತಿದ್ದಳು.

ಮೀಟಿಂಗ್ ಮುಗಿದ ಕೂಡಲೇ ನಾನು ಪಾರ್ಕಿಂಗ್ ಲಾಟಿಗೆ ಓಡಿದೆ. ಮ್ಯಾಡಿಯನ್ನು ಕ್ಲಾಸಿಗೆ ಕಳಿಸಿ ಶೆಲ್ಲಿ ಕಾರಿನ ಬಾಗಿಲು ತೆಗೆಯುತ್ತಿದ್ದಳು. ನಿಯಮ ಗಿಯಮ ಎಲ್ಲ ಬದಿಗಿಟ್ಟು ಹೇಳಿಬಿಟ್ಟೆ. ಮಗಳಿಗೆ ಆಗುತ್ತಿರುವುದು ದಡ್ಡತನವಲ್ಲ, ಒಂದು ಬಗೆಯ ಫಿಟ್ಸ್ ಇರಬಹುದು, ಔಷಧಿಯಿದೆ. ನಿಮಗೂ ಅದೇ ಇದೆಯೆಂದು ನನಗೆ ಅನುಮಾನ. ಡಾಕ್ಟರು ನೋಡುವವರೆಗೆ ಕಾರು ಓಡಿಸಬೇಡಿ ಎಂದೆ.

ಅವಳ ನಗು ನಿಂತಿತು. ಮೊದಲ ಬಾರಿ ಅವಳ ಮುಖ ಅಂಗಡಿಯ ಮುಖವಾಗಿರಲಿಲ್ಲ. ಎಷ್ಟು ಕೆಲಸಗಳಿಂದ ತೆಗೆದರು ಗೊತ್ತೇ, ಗಿರಾಕಿ ಮಾತಾಡುತ್ತಿದ್ದಾಗ ಅಲಕ್ಷ್ಯ ಮಾಡುತ್ತಾಳೆ ಎಂದು ತೆಗೆದರು ಎಂದಳು. ಅಂದರೆ ನಾನು ದಡ್ಡಿ ಅಲ್ಲದೆಯೂ ಇರಬಹುದಾ ಎಂದು ಕೇಳಿದಳು. ಇರಬಹುದು ಎಂದೆ. ಅವಳು ಕಾರಿನ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಕೀಲಿ ಎತ್ತಿ ತೋರಿಸಿದಳು.

“ಓಡಿಸಬೇಡಿ ಅಂತೀರಿ. ಹಾಗಾದರೆ ಕೆಲಸಕ್ಕೆ ಹೇಗೆ ಹೋಗಲಿ? ನಡೆದುಕೊಂಡಾ?”

ಪ್ಲೇನೋದಲ್ಲಿ ಇದ್ದವರಿಗೆ ಆ ಪ್ರಶ್ನೆ ಗೊತ್ತು. ಅವಳ ಅಂಗಡಿ ಇದ್ದದ್ದು ಡಾಲಸ್ ಕಡೆಗೆ, ಫ್ರೀವೇ ಎಂಬ ಹೆದ್ದಾರಿ ಬಿಟ್ಟರೆ ದಾರಿಯಿಲ್ಲ. ಅವಳ ಮನೆಯಿಂದ ಅಂಗಡಿಗೆ ಬಸ್ಸೂ ಇರಲಿಲ್ಲ. ನಾನು ಬೆಳಗ್ಗೆ ಬಿಡುತ್ತೇನೆ ಎಂದೆ. ಅವಳು ಒಪ್ಪಲಿಲ್ಲ, ನಾಲ್ಕು ದಿನ ಬಿಡುತ್ತೀರಿ, ಆಮೇಲೆ ಏನು ಮಾಡಲಿ ಎಂದಳು. ಮಗಳನ್ನು ಡಾಕ್ಟರಿಗೆ ತೋರಿಸುತ್ತೇನೆ, ಇವತ್ತೇ ಫೋನ್ ಮಾಡುತ್ತೇನೆ ಎಂದು ಮಾತು ಕೊಟ್ಟಳು. ನಿಮ್ಮದು ಯಾವಾಗ ಎಂದು ಕೇಳಿದ್ದಕ್ಕೆ, ಮೊದಲು ಅವಳದಾಗಲಿ ಎಂದಳು.

ಮಾತಿಗೆ ತಪ್ಪಲಿಲ್ಲ. ಅವತ್ತೇ ಫೋನ್ ಮಾಡಿದಳು. ಮಕ್ಕಳ ನರರೋಗದ ಡಾಕ್ಟರು ಇಲ್ಲಿ ಕೇಳಿದ ತಕ್ಷಣ ಸಿಗುವುದಿಲ್ಲ. ತಿಂಗಳುಗಟ್ಟಲೆ ಕಾಯಬೇಕು. ತಡಮಾಡುವಂತಿಲ್ಲ ಎಂದು ಶಾಲೆಯ ವರದಿಯಲ್ಲಿ ಇದ್ದಿದ್ದರೆ ಬೇಗ ಕರೆಯುತ್ತಿದ್ದರು. ಪೋಷಕರು ಬಯಸಿದರೆ ಎಂದಿದ್ದರಿಂದ ಮ್ಯಾಡಿಯ ಹೆಸರು ಸಾಲಿನ ಕೊನೆಗೆ ಹೋಯಿತು. ನಾನು ಮತ್ತೊಮ್ಮೆ ಡಾಲ್ಟನ್ ಅವರ ಬಳಿ ಹೋಗಿ ಹಳೆಯ ವಾಕ್ಯ ಬರೆದು ಕೊಡಿ ಎಂದು ಕೇಳಿದೆ. ಪಾರ್ಕಿಂಗ್ ಲಾಟಿನ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಕೂರಲೂ ಹೇಳದೆ ಕಳಿಸಿದರು.

ಡಾಕ್ಟರ ದಿನ ಬರುವ ಮುಂಚೆಯೇ ಆ ಬೆಳಗಾಯಿತು. ನಾನು ಸ್ಟಾಫ್ ರೂಮಿನಲ್ಲಿ ಚಹಾ ಬಿಸಿ ಮಾಡಿಕೊಳ್ಳುತ್ತಿದ್ದೆ. ಫ್ರೀವೇಯಲ್ಲಿ ಅಪಘಾತವಾಗಿ, ಉದ್ದಕ್ಕೂ ಕಾರುಗಳು ನಿಂತು, ಡಾಲಸ್ ಕಡೆಯಿಂದ ಬರುವ ಟೀಚರುಗಳೆಲ್ಲ ತಡವಾಗಿ ಗೊಣಗುತ್ತ ಬರುತ್ತಿದ್ದರು. ನಿಂತಿದ್ದ ಲಾರಿಗೆ ಒಂದು ಕಾರು ಬ್ರೇಕೇ ಹಾಕದೆ ಹೋಗಿ ಗುದ್ದಿತ್ತಂತೆ. ಹೊಟ್ಟೆ ಹಸಿದ ಸಿಟ್ಟಿಗೋ ಏನೋ, ಗಣಿತದ ಮೇಷ್ಟ್ರು ಬಾಗೆಲ್ ಬನ್ನು ಕಚ್ಚುತ್ತ, ಯಾರೋ ಬ್ಲಾಂಡ್ ಹೆಂಗಸು ಕನ್ನಡಿ ನೋಡಿಕೊಳ್ಳುತ್ತಿದ್ದಿರಬೇಕು ಎಂದರು. ಒಂದಿಬ್ಬರು ನಕ್ಕರು. ನಾನು ಚಹಾ ಅಲ್ಲೇ ಬಿಟ್ಟು ಹೊರಗೆ ಬಂದೆ. ನನಗೆ ಆಗಲೇ ಗೊತ್ತಾಗಿತ್ತು ಎಂದರೆ ಸುಳ್ಳು, ಆದರೆ ಹೆದರಿಕೆಯಾಗಿತ್ತು. ಎರಡನೇ ಪೀರಿಯಡ್ಡಿನಲ್ಲಿ ಮ್ಯಾಡಿಯನ್ನು ಆಫೀಸಿಗೆ ಕರೆದರು.

ಆ ಕಾರಿನಲ್ಲಿದ್ದ ಶೆಲ್ಲಿ ಅಲ್ಲೇ ಪ್ರಾಣ ಬಿಟ್ಟಿದ್ದಳು. ಫೋನ್ ನೋಡುತ್ತಿದ್ದಿರಬೇಕು ಎಂದು ಪೊಲೀಸರು ಮೊದಲು ಅನುಮಾನಪಟ್ಟರು. ಫೋನ್ ಕೈಚೀಲದೊಳಗೆ ಇತ್ತು. ಅಂತ್ಯಕ್ರಿಯೆಗೆ ಹೋಗಿದ್ದೆ. ಅಂಗಡಿಯವರು, ಅಕ್ಕಪಕ್ಕದವರು ಬಂದಿದ್ದರು. ಅವಳ ಬಗ್ಗೆ ಮಾತಾಡಿದವರೆಲ್ಲ ಅವಳು ಎಷ್ಟು ನಗಿಸುತ್ತಿದ್ದಳು, ತನ್ನನ್ನು ತಾನೇ ಹೇಗೆ ಗೇಲಿ ಮಾಡಿಕೊಳ್ಳುತ್ತಿದ್ದಳು ಎಂದು ಹೇಳಿದರು. ಅವಳು ದಡ್ಡಿಯಾಗಿರಲಿಲ್ಲ ಎಂದು ಎದ್ದು ನಿಂತು ಕೂಗಬೇಕೆನಿಸಿತು. ಅವಳೇ ಅದನ್ನು ಕೇಳಿ ತಿಳಿದು ಕೆಲವು ವಾರಗಳಷ್ಟೇ ಆಗಿದ್ದವು.

ಆ ವಾರ ಡಾಲ್ಟನ್ ನನ್ನ ರೂಮಿಗೆ ಬಂದು, ಮಕ್ಕಳು ಕೂರುವ ಗಿಡ್ಡ ಕುರ್ಚಿಯ ಮೇಲೆ ಕೂತರು. ಬಹಳ ಹೊತ್ತು ತುಂಡುಗಳನ್ನು ಆಚೆ ಈಚೆ ಸರಿಸುತ್ತಿದ್ದರು. ಕೊನೆಗೆ, ನೀವು ಮೊದಲು ಬರೆದ ವಾಕ್ಯ ಹೇಗಿತ್ತು ಎಂದು ಕೇಳಿದರು. ಹೇಳಿದೆ. ಇನ್ನೊಮ್ಮೆ ಹೇಳಿ ಎಂದರು. ಮರುದಿನ ಆ ವಾಕ್ಯದ ಕೆಳಗೆ ತಮ್ಮ ಸಹಿ ಹಾಕಿ ಡಾಕ್ಟರಿಗೆ ಕಳಿಸಿದರು. ಮ್ಯಾಡಿಯನ್ನು ಬೇಗನೆ ಕರೆದರು. ನನಗೆ ಅವರ ಮೇಲೆ ಸಿಟ್ಟು ಹೋಗಿಲ್ಲ, ಆದರೆ ಆ ಗಿಡ್ಡ ಕುರ್ಚಿಯ ಮೇಲೆ ಕೂತ ಮನುಷ್ಯನನ್ನು ದ್ವೇಷಿಸಲೂ ಆಗಲಿಲ್ಲ.

ಡಾಕ್ಟರು ಮ್ಯಾಡಿಯ ಕೈಗೆ ಕಾಗದದ ಗಿರಗಿಟ್ಟಲೆ ಕೊಟ್ಟು, ಒಂದೇ ಸಮನೆ ಊದು ಎಂದರಂತೆ. ಹಾಗೆ ಜೋರಾಗಿ ಉಸಿರಾಡಿದರೆ ಈ ಬಗೆಯ ಫಿಟ್ಸ್ ಕಾಣಿಸಿಕೊಳ್ಳುತ್ತದೆ. ಊದುತ್ತ ಊದುತ್ತ ಅವಳು ನಿಂತುಬಿಟ್ಟಳು, ಗಿರಗಿಟ್ಟಲೆಯೂ ನಿಂತಿತು. ತಲೆಗೆ ಹಚ್ಚಿದ್ದ ತಂತಿಗಳು ಉಳಿದದ್ದನ್ನು ಹೇಳಿದವು. ಮಾತ್ರೆ ಶುರುವಾಯಿತು. ಕೆಲವು ವಾರಗಳಲ್ಲಿ ಅವಳು ಪಾಠದ ನಡುವೆ ಎಲ್ಲೋ ಹೋಗಿಬಿಡುವುದು ನಿಂತಿತು. ಅಂಕಗಳು ಒಮ್ಮೆಲೇ ಅಲ್ಲ, ನಿಧಾನವಾಗಿ ಏರತೊಡಗಿದವು. ಕೂದಲಿಗೆ ಆಗಲೂ ಅದೇ ಕಪ್ಪು ಬಣ್ಣವೇ ಇತ್ತು.

ಆ ವರ್ಷದ ಶಾಲೆ ಮುಗಿದ ಮೇಲೆ ಅವಳು ಹ್ಯೂಸ್ಟನ್ನಿಗೆ, ತಾಯಿಯ ಅಕ್ಕನ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಹೊರಡುವ ಮುಂಚೆ ನನ್ನ ರೂಮಿಗೆ ಬಂದಳು. ಬಣ್ಣ ಹಚ್ಚುವುದು ಬಿಟ್ಟಿದ್ದಳು, ಬುಡದಲ್ಲಿ ಹೊಂಗೂದಲು ಬೆರಳಗಲ ಬೆಳೆದಿತ್ತು, ಕೆಳಗೆಲ್ಲ ಕಪ್ಪು. ಈಗ ಪಾಠ ಪೂರ್ತಿ ಕೇಳಿಸುತ್ತದೆ ಎಂದಳು. ಮೊದಲು ಟೀಚರುಗಳು ತುಂಡುತುಂಡಾಗಿಯೇ ಮಾತಾಡುತ್ತಾರೆ, ಉಳಿದ ಮಕ್ಕಳು ನಡುವಿನದನ್ನು ಹೇಗೋ ಊಹಿಸಿಕೊಳ್ಳುತ್ತಾರೆ, ತನಗೆ ಮಾತ್ರ ಊಹಿಸಲು ಬರುವುದಿಲ್ಲ ಎಂದುಕೊಂಡಿದ್ದಳಂತೆ. ನನ್ನ ಕಣ್ಣು ತುಂಬಿಕೊಂಡಿತು. ಅವಳು ಅಳಲಿಲ್ಲ. ತಾಯಿ ಓದುತ್ತಿದ್ದ ಕಾಲದಲ್ಲಿ ಶಾಲೆಗಳಲ್ಲಿ ನಿಮ್ಮ ಥರದವರು ಇದ್ದರೇ ಎಂದು ಕೇಳಿದಳು. ಇದ್ದರು ಎಂದೆ. ತಾಯಿಯ ಶಾಲೆಯಲ್ಲೂ ಇದ್ದಿರಬೇಕೇ ಎಂದಳು. ಇದ್ದಿರಬೇಕು ಎಂದೆ. ಅವಳು ಅದನ್ನು ಸ್ವಲ್ಪ ಹೊತ್ತು ಯೋಚಿಸಿದಳು. ನಾನು ಕಾದೆ.

“ನಾನು ಕಪ್ಪು ಹಚ್ಕೊಂಡೆ, ಅದಕ್ಕೇ ನನ್ನನ್ನ ನಿಮ್ಮ ಹತ್ತಿರ ಕಳಿಸಿದರು,” ಎಂದಳು ಮ್ಯಾಡಿ. “ಅಮ್ಮ ಹಚ್ಕೊಳ್ಳಲೇ ಇಲ್ಲ.”